ಹುಬ್ಬಿನ ಗಂಟು ಸಡಿಲಿಸುವ ಚುಚ್ಚುಮದ್ದು

ಕೇಳುಗರಿಗೆ ನಮಸ್ಕಾರ.

ಕನ್ನಡಿಯ ಮುಂದೆ ನಿಂತು ಒಮ್ಮೆ ಹುಬ್ಬು ಗಂಟಿಕ್ಕಿ ನೋಡಿ. ಹುಬ್ಬುಗಳ ನಡುವೆ ಮೂಡುವ ಗೆರೆಗಳು ಮುಖ ಸಡಿಲಿಸಿದೊಡನೆ ಮಾಯವಾದರೆ, ಅವು ಚರ್ಮದ ಅಡಿಯಲ್ಲಿರುವ ಸ್ನಾಯುವಿನ ಸೆಳೆತದಿಂದ ಹುಟ್ಟಿದವು ಎಂದು ತಿಳಿಯಬೇಕು. ಬೊಟಾಕ್ಸ್ ಎಂಬ ಹೆಸರಿನಿಂದ ಜನಜನಿತವಾದ ಚುಚ್ಚುಮದ್ದು ಪಳಗಿಸುವುದು ಈ ಸ್ನಾಯುವನ್ನು. ಇದನ್ನು ಮರೆತವರೇ ಅದರಿಂದ ಇಲ್ಲದ್ದನ್ನು ಬಯಸಿ ನಿರಾಶರಾಗುತ್ತಾರೆ.

ಈ ಮದ್ದಿನ ಮೂಲ ಒಂದು ವಿಷ. ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಈ ಪ್ರೋಟೀನು ಕೆಟ್ಟ ಆಹಾರದ ಮೂಲಕ ದೇಹವನ್ನು ಸೇರಿದರೆ ಉಸಿರಾಟದ ಸ್ನಾಯುಗಳನ್ನೇ ಸ್ತಬ್ಧಗೊಳಿಸಿ ಪ್ರಾಣ ತೆಗೆಯಬಲ್ಲದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಕೆಟ್ಟ ಸಾಸೇಜು ತಿಂದು ನರಳಿದವರ ಲಕ್ಷಣಗಳನ್ನು ವಿವರವಾಗಿ ದಾಖಲಿಸಿದ ಜರ್ಮನಿಯ ವೈದ್ಯ ಯುಸ್ಟಿನಸ್ ಕೆರ್ನರ್, ಈ ವಿಷವೇ ಮುಂದೊಮ್ಮೆ ಔಷಧವಾದೀತು ಎಂದು ಊಹಿಸಿದ್ದರು. ಅವರು ಕವಿಯೂ ಹೌದು. ಆ ಊಹೆ ಕೈಗೂಡಲು ಒಂದೂವರೆ ಶತಮಾನವೇ ಹಿಡಿಯಿತು. 1989ರಲ್ಲಿ ಅಮೆರಿಕದಲ್ಲಿ ಮೆಳ್ಳೆಗಣ್ಣಿಗೂ ಕಣ್ಣುರೆಪ್ಪೆಗಳ ಸೆಡೆತಕ್ಕೂ ಇದಕ್ಕೆ ಅನುಮತಿ ದೊರೆಯಿತು. ರೆಪ್ಪೆಯ ಸೆಡೆತಕ್ಕೆ ಚುಚ್ಚಿಸಿಕೊಂಡವರ ಹುಬ್ಬುಗೆರೆಗಳೂ ಮಾಸುತ್ತಿರುವುದನ್ನು ಕೆನಡಾದ ನೇತ್ರವೈದ್ಯೆ ಜೀನ್ ಕ್ಯಾರುಥರ್ಸ್ ಗಮನಿಸಿದರು. ಅವರೂ ಚರ್ಮವೈದ್ಯರಾದ ಅವರ ಪತಿಯೂ 1992ರಲ್ಲಿ ಈ ಕುರಿತು ಪ್ರಬಂಧ ಪ್ರಕಟಿಸಿದರು. ಹುಬ್ಬುಗೆರೆಗಳಿಗೆ ಅಮೆರಿಕದ ಅನುಮತಿ ಬಂದದ್ದು 2002ರಲ್ಲಿ.

ಇನ್ನು ಮದ್ದಿನ ಕೆಲಸದ ಬಗೆ. ಸ್ನಾಯು ಸಂಕೋಚಿಸಬೇಕಾದರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬರಬೇಕು. ಅದನ್ನು ತುಂಬಿಕೊಂಡ ಪುಟ್ಟ ಚೀಲಗಳು ನರದ ಪೊರೆಗೆ ಅಂಟಿಕೊಳ್ಳಲು ನೆರವಾಗುವ ಒಂದು ಪ್ರೋಟೀನನ್ನು ಈ ಮದ್ದು ಕತ್ತರಿಸಿಬಿಡುತ್ತದೆ. ನರ ಸಾಯುವುದಿಲ್ಲ, ಸ್ನಾಯುವಿಗೂ ಗಾಯವಾಗುವುದಿಲ್ಲ. ಆದರೆ ಅಪ್ಪಣೆ ತಲುಪದೆ ಸ್ನಾಯು ಸಡಿಲಗೊಳ್ಳುತ್ತದೆ. ಪರಿಣಾಮ ಕೆಲವು ದಿನಗಳಲ್ಲಿ ಕಾಣತೊಡಗಿ, ಸುಮಾರು ಎರಡು ವಾರಗಳಲ್ಲಿ ಪೂರ್ಣಗೊಂಡು, ನರ ತನ್ನ ಕಾರ್ಯವನ್ನು ಮರಳಿ ಪಡೆದಂತೆ ಮೂರು ನಾಲ್ಕು ತಿಂಗಳಲ್ಲಿ ಇಳಿದುಹೋಗುತ್ತದೆ.

ಆದ್ದರಿಂದಲೇ ಹಣೆಯ ಅಡ್ಡಗೆರೆ, ಹುಬ್ಬುಗಳ ನಡುವಿನ ಗಂಟು, ನಕ್ಕಾಗ ಕಣ್ಣಂಚಿನಲ್ಲಿ ಹರಡುವ ಗೆರೆಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಬಿಸಿಲಿಗೆ ಬಳಲಿದ ಚರ್ಮಕ್ಕೂ ಜೋತುಬಿದ್ದ ಕೆನ್ನೆಗೂ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ತಗ್ಗು ತುಂಬುವ ಫಿಲ್ಲರ್ ಬೇರೆಯೇ ಮದ್ದು, ಎರಡನ್ನೂ ಒಂದೆಂದು ಭಾವಿಸುವವರು ಬಹಳ. ಸೌಂದರ್ಯದ ಆಚೆಗೆ, ಕಂಕುಳಿನ ಅತಿಬೆವರು, ದೀರ್ಘಕಾಲದ ಮೈಗ್ರೇನ್ ಮತ್ತು ಕತ್ತು ತಿರುಚುವ ಸ್ನಾಯುಸೆಳೆತಗಳಲ್ಲಿಯೂ ಇದನ್ನು ಬಳಸುತ್ತಾರೆ; ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಹಿರಿಮೆ ಅಲ್ಲಿದೆ.

ಚುಚ್ಚಿದ ಜಾಗದಲ್ಲಿ ನೀಲಿಗಟ್ಟುವುದು, ತಲೆನೋವು ಇವು ಸಾಮಾನ್ಯ. ಮದ್ದು ಪಕ್ಕಕ್ಕೆ ಹರಡಿದರೆ ರೆಪ್ಪೆ ಕೆಲವು ವಾರ ಜೋತುಬೀಳಬಹುದು. ಮಯಸ್ತೇನಿಯಾ ಗ್ರೇವಿಸ್‌ನಂತಹ ನರ-ಸ್ನಾಯು ರೋಗವುಳ್ಳವರೂ ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಇದನ್ನು ದೂರವಿಡುವುದು ಲೇಸು. ಒಂದು ಬ್ರ್ಯಾಂಡಿನ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮನಲ್ಲವಾದ್ದರಿಂದ, ಚುಚ್ಚಿಸಿಕೊಳ್ಳುವ ಮುನ್ನ ಮದ್ದಿನ ಹೆಸರನ್ನೂ ಪ್ರಮಾಣವನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಚುಚ್ಚಿಸಿಕೊಂಡ ನಂತರ ನುಂಗಲು, ಮಾತನಾಡಲು ಅಥವಾ ಉಸಿರಾಡಲು ಕಷ್ಟವೆನಿಸಿದರೆ, ಅದು ವಿರಳವಾದರೂ, ತಡಮಾಡದೆ ಆಸ್ಪತ್ರೆಗೆ ಹೋಗಿ.

ನಮಸ್ಕಾರ.