ಎತ್ತು ರೊಟ್ಟಿ ಬಡಿಯುವುದು ಹೇಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಾಲೆ ಮಕ್ಕಳಿಗೆ ಚಿತ್ರ ಕಲಿಸುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಐದನೇ ತರಗತಿಯವರಿಗೆ ಒಂದು ಕೆಲಸ ಕೊಟ್ಟೆ. ನಿಮ್ಮ ಮನೆಯಲ್ಲಿರುವ ಒಂದು ಪ್ರಾಣಿ ಮನೆಕೆಲಸ ಮಾಡುತ್ತಿರುವ ಹಾಗೆ ಕಾರ್ಟೂನ್ ಬರೆಯಿರಿ ಅಂದೆ. ಅಷ್ಟು ಹೇಳಿದ್ದೇ ತಡ, ಬೆಕ್ಕು ಕಸ ಗುಡಿಸಿತು. ಕೋಳಿ ಸೈಕಲ್ ಹೊಡೆಯಿತು. ಒಂದು ಮೇಕೆ ಕಟ್ಟೆ ಮೇಲೆ ಕೂತು ಮೊಬೈಲ್ ನೋಡತೊಡಗಿತು. ಎಲ್ಲಕ್ಕೂ ಐದೈದು ಬೆರಳು.

ಹಿಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ಪೆನ್ಸಿಲ್ ಕೆಳಗಿಟ್ಟು ಸುಮ್ನೆ ಕೂತಿದ್ದಳು. ಹತ್ತಿರ ಹೋಗಿ ನೋಡಿದೆ. ಎತ್ತೊಂದು ಒಲೆಯ ಮುಂದೆ ಕೂತಿದೆ. ಕೊಂಬಿಗೆ ಬಣ್ಣ, ಹಣೆಗೆ ಕುಂಕುಮ. ಮುಂದೆ ರೊಟ್ಟಿ ಬಡಿಯುವ ಕೊಣಮಿಗೆ, ಅದರಲ್ಲಿ ಜೋಳದ ಹಿಟ್ಟು. ಚಿತ್ರ ಬಹಳ ಚೆನ್ನಾಗಿತ್ತು. ಆದರೆ ಎತ್ತಿನ ಮುಂಗಾಲು ಮೊಣಕಾಲಿನವರೆಗೆ ಬಂದು ನಿಂತುಬಿಟ್ಟಿತ್ತು. ಅದರ ಕೆಳಗೆ ಖಾಲಿ. ಅಳಿಸಿ ಅಳಿಸಿ ಅಲ್ಲಿ ಹಾಳೆ ತೆಳ್ಳಗಾಗಿತ್ತು.

"ಟೀಚರ್, ಎತ್ತು ರೊಟ್ಟಿ ಹೆಂಗ ಬಡಿತೈತ್ರಿ? ಅದಕ್ಕ ಕೈ ಇಲ್ಲಲ್ರಿ" ಅಂದಳು.

ಕಾರ್ಟೂನ್ ಅಲ್ವಾ, ಬೆರಳು ಹಾಕಿಬಿಡು ಅಂದೆ. ಅವಳು ತಲೆಯಾಡಿಸಿದಳು. "ಬೆರಳು ಹಾಕಿದ್ರ ಅದು ಎತ್ತಾಗಂಗಿಲ್ರಿ. ಎತ್ತಿನ ಮಾರಿ ಹಾಕ್ಕೊಂಡ ಮನುಷ್ಯಾ ಆಗ್ತೈತಿ."

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಇಷ್ಟು ವರ್ಷ ಚಿತ್ರ ಕಲಿಸಿದ್ದೇನೆ, ಈ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ. ಇವತ್ತು ನಿಮ್ಮ ಜೊತೆ ಅದನ್ನೇ ಮಾತಾಡೋಣ ಅಂತ ಬಂದಿದ್ದೇನೆ.

ಅವಳು ಆರಿಸಿಕೊಂಡ ಕೆಲಸವಾದರೂ ಎಂಥದ್ದು ನೋಡಿ. ಗೋಧಿಯಲ್ಲಿ ಗ್ಲುಟೆನ್ ಅನ್ನುವ ಅಂಟು ಇರುತ್ತದೆ, ಜೋಳದಲ್ಲಿ ಅದು ಇಲ್ಲ. ಹಾಗಾಗಿ ಜೋಳದ ಹಿಟ್ಟು ಎಳೆದರೆ ಹರಿಯುತ್ತದೆ, ಅಂಚು ಬಿರಿಯುತ್ತದೆ. ಅದಕ್ಕೇ ಬಿಸಿನೀರು ಹಾಕಿ ನಾದಿ, ಅಂಗೈಯಲ್ಲಿ ಬಡಿದು ಅಗಲ ಮಾಡುತ್ತಾರೆ. ಒಂದು ಕೈ ಬಡಿಯುತ್ತಿದ್ದರೆ ಇನ್ನೊಂದು ಕೈಯ ಬೆರಳು ಅಂಚು ಕಾಯುತ್ತಿರುತ್ತದೆ. ರೊಟ್ಟಿ ತಾನಾಗಿಯೇ ತಿರುಗುತ್ತಿದೆ ಅನಿಸುತ್ತದೆ. ಆಮೇಲೆ ಅದನ್ನು ಮುರಿಯದ ಹಾಗೆ ಎತ್ತಿ ಹಂಚಿಗೆ ಹಾಕಬೇಕು, ಮೇಲೆ ನೀರು ಸವರಬೇಕು, ತಿರುವಬೇಕು. ನಮ್ಮ ಕೈಯಲ್ಲಿ 27 ಎಲುಬುಗಳಿವೆ. ರೊಟ್ಟಿ ಬಡಿಯುವ ಅವ್ವನ ಕೈ ನೋಡಿದರೆ ಅಷ್ಟೂ ಎಲುಬುಗಳಿಗೆ ಕೆಲಸ ಇದೆ ಅಂತ ಗೊತ್ತಾಗುತ್ತದೆ. ಇಂಥ ಕೆಲಸವನ್ನು ಎತ್ತಿಗೆ ಕೊಟ್ಟರೆ ಅದು ಹೇಗೆ ಮಾಡಬೇಕು?

ಕಾರ್ಟೂನ್ ಬರೆಯುವವರು ಈ ತೊಡಕನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡರು. ಮಿಕ್ಕಿ ಮೌಸ್ 1928ರಲ್ಲಿ ತೆರೆಗೆ ಬಂದಾಗ ಅವನ ಕೈಗೆ ಏನೂ ಇರಲಿಲ್ಲ. ಮೈ ಕಪ್ಪು, ಕೈಯೂ ಕಪ್ಪು. ಆಗಿನದು ಕಪ್ಪು-ಬಿಳುಪು ಸಿನಿಮಾ. ಕೈಯನ್ನು ಎದೆಯ ಮುಂದೆ ತಂದರೆ ಅದು ಮೈಯಲ್ಲೇ ಕರಗಿ ಹೋಗುತ್ತಿತ್ತು, ಅವನು ಏನು ಮಾಡುತ್ತಿದ್ದಾನೆ ಅಂತಲೇ ತಿಳಿಯುತ್ತಿರಲಿಲ್ಲ. 1929ರಲ್ಲಿ ಅವನ ಕೈಗೆ ಬಿಳಿ ಗ್ಲೌಸ್ ಬಂತು. ನಾವು ಅಲಂಕಾರ ಅಂದುಕೊಂಡಿದ್ದು ಕೈ ಕಾಣಲಿ ಅಂತ ಮಾಡಿದ ಉಪಾಯ.

ಮಿಕ್ಕಿಯ ಬೆರಳು ಎಣಿಸಿದ್ದೀರಾ? ಹೆಬ್ಬೆರಳು ಸೇರಿ ನಾಲ್ಕೇ. ಇದಕ್ಕೊಂದು ಲೆಕ್ಕ ಇದೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಒಂದೇ ಚಿತ್ರವನ್ನು ಎರಡೆರಡು ಸಲ ತೋರಿಸಿದರೂ ಸೆಕೆಂಡಿಗೆ 12 ಬರೆಯಲೇಬೇಕು. ನಿಮಿಷಕ್ಕೆ 720 ಆಯಿತು. ಎರಡು ಕೈಗೂ ಒಂದೊಂದು ಬೆರಳು ಬಿಟ್ಟರೆ ಒಂದು ನಿಮಿಷದಲ್ಲಿ 1440 ಬೆರಳು ಉಳಿಯಿತು! ಅದೆಲ್ಲ ಕೈಯಲ್ಲಿ ಬರೆಯುತ್ತಿದ್ದ ಕಾಲ. ಇನ್ನೊಂದು ಕಾರಣವೂ ಉಂಟು. ಇಲಿಯಂಥ ಪುಟ್ಟ ಮೈಗೆ ದಪ್ಪ ದಪ್ಪ ಐದು ಬೆರಳು ಹಾಕಿದರೆ ಬಾಳೆಹಣ್ಣಿನ ಚಿಪ್ಪು ಜೋತು ಬಿದ್ದ ಹಾಗೆ ಕಾಣುತ್ತದೆ. ಬೇಕಾದರೆ ಬರೆದು ನೋಡಿ.

ನನಗೆ ಇವನಿಗಿಂತ ಹೆಚ್ಚು ಇಷ್ಟ ಡೊನಾಲ್ಡ್ ಡಕ್. ಅವನು ಬಂದದ್ದು 1934ರಲ್ಲಿ. ನಾವಿಕರ ಅಂಗಿ ತೊಟ್ಟ ಬಾತುಕೋಳಿ. ತೋಳಿನಿಂದ ಹೊರಗೆ ಬರುವುದು ರೆಕ್ಕೆಯೇ. ಆದರೆ ಅದರ ತುದಿಯ ಗರಿಗಳು ಬೆರಳಿನ ಹಾಗೆ ಬಾಗುತ್ತವೆ. ಸಿಟ್ಟು ಬಂದಾಗ ಮುಷ್ಟಿಯಾಗುತ್ತವೆ. ಗರಿ ಎಲ್ಲಿ ಮುಗಿಯಿತು, ಬೆರಳು ಎಲ್ಲಿ ಶುರುವಾಯಿತು ಅಂತ ಕೈ ಇಟ್ಟು ತೋರಿಸಲು ಆಗುವುದಿಲ್ಲ. ಅದು ದೊಡ್ಡ ಕಸುಬು.

ಗೊರಸಿನ ಪ್ರಾಣಿಗಳ ವಿಷಯಕ್ಕೆ ಬಂದರೆ ಕಷ್ಟ ಜಾಸ್ತಿ. ಕೆಲವು ಕಾರ್ಟೂನ್‌ಗಳಲ್ಲಿ ಕುದುರೆ ಗೊರಸು ಚಾಚಿದರೆ ಸಾಕು, ಕಪ್ಪು-ಬಸಿ ಅಯಸ್ಕಾಂತಕ್ಕೆ ಹತ್ತಿದ ಹಾಗೆ ಅಂಟಿಕೊಳ್ಳುತ್ತದೆ. ಮಕ್ಕಳು ಅದನ್ನು ಒಪ್ಪಿಕೊಂಡು ನೋಡುತ್ತಾರೆ. ನನಗೆ ಮಾತ್ರ ಅಲ್ಲಿ ಏನೋ ತಪ್ಪಿಸಿಕೊಂಡರು ಅನಿಸುತ್ತದೆ.

ಮಾರಿ ಪ್ರಾಣಿಯದು, ಕೈ ಮನುಷ್ಯನದು ಅನ್ನುವುದು ನಮ್ಮ ಊರಿಗೇನೂ ಹೊಸದಲ್ಲ. ಬಾದಾಮಿಯ ಮೂರನೇ ಗುಹೆಗೆ ಹೋಗಿ. ಅದು ಕ್ರಿಸ್ತಶಕ 578ರದು, ಚಾಲುಕ್ಯರ ಮಂಗಳೇಶ ಬರೆಸಿದ ಶಾಸನವೇ ಅಲ್ಲಿದೆ. ಅಲ್ಲಿ ವರಾಹ ಇದ್ದಾನೆ, ನರಸಿಂಹ ಇದ್ದಾನೆ. ಕೊರಳಿನ ಮೇಲೆ ಹಂದಿ, ಸಿಂಹ. ಕೊರಳಿನ ಕೆಳಗೆ ಪೂರ್ತಿ ಮನುಷ್ಯನ ಮೈ. ವರಾಹ ಭೂದೇವಿಯನ್ನು ಕೈಯಲ್ಲಿ ಹಿಡಿದ ರೀತಿ ನೋಡಿದರೆ, ಇದಕ್ಕೆ ಕೈಯೇ ಬೇಕಿತ್ತು, ಗೊರಸಿನಿಂದ ಆಗುತ್ತಿರಲಿಲ್ಲ ಅನಿಸುತ್ತದೆ. ಅದು ದೇವರ ರೂಪ. ಅಲ್ಲಿ ಆ ಕೈ ಸರಿಯಾಗಿಯೇ ಇದೆ.

ಆದರೆ ಕಥೆ ಹೇಳಿದವರು ಬೇರೆ ದಾರಿ ಹಿಡಿದರು. ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನ ಊರು ಕಿಸುಕಾಡು ನಾಡಿನ ಸಯ್ಯಡಿ. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್. ಅಂದರೆ ಅವನು ನಮ್ಮ ನೆರೆಯವನು. ಸುಮಾರು 1031ರಲ್ಲಿ ಅವನು ಅದನ್ನು ಬರೆದ. ಪಟ್ಟದಕಲ್ಲಿನ ಕಲ್ಲಿನಲ್ಲಂತೂ ಅವನಿಗಿಂತ ಮೊದಲೇ ಈ ಕಥೆಗಳನ್ನು ಕೆತ್ತಿದ್ದರು. ಆ ಕಥೆಗಳಲ್ಲಿ ಪ್ರಾಣಿಗಳು ಮಾತಾಡುತ್ತವೆ, ಮಂತ್ರಿಯಾಗುತ್ತವೆ, ಮೋಸ ಮಾಡುತ್ತವೆ. ಆದರೆ ಕೈ ಮಾತ್ರ ಯಾರಿಗೂ ಕೊಟ್ಟಿಲ್ಲ! ಆಮೆ ಕೋಲನ್ನು ಬಾಯಲ್ಲೇ ಕಚ್ಚುತ್ತದೆ. ಅದಕ್ಕೇ ಬಾಯಿ ಬಿಟ್ಟಾಗ ಬೀಳುತ್ತದೆ. ಆಮೆಗೆ ಕೈ ಇದ್ದಿದ್ದರೆ ಆ ಕಥೆಯೇ ಇರುತ್ತಿರಲಿಲ್ಲ. ಇಲಿ ಬಲೆಯನ್ನು ಹಲ್ಲಿನಿಂದ ಕಡಿಯುತ್ತದೆ. ಕಾಗೆ ಸರವನ್ನು ಕೊಕ್ಕಿನಲ್ಲಿ ಎತ್ತಿಕೊಂಡು ಹೋಗುತ್ತದೆ. ಕೈಯಿಂದ ಕೆಲಸ ಮಾಡುವುದು ಮಂಗ ಒಂದೇ, ಮರ ಸೀಳಿದ ಜಾಗದ ಬೆಣೆ ಕಿತ್ತು ಸಿಕ್ಕಿಬೀಳುತ್ತದಲ್ಲ, ಅದು. ಮಂಗಕ್ಕೆ ಕೈ ಇದ್ದೇ ಇದೆ. ಬಾದಾಮಿಗೆ ಬಂದು ಶೇಂಗಾ ಪೊಟ್ಟಣ ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಹುಡುಗಿ ಕೇಳುತ್ತಿದ್ದದ್ದೂ ಇದನ್ನೇ ಅಲ್ವಾ? ಎತ್ತು ಎತ್ತಾಗಿಯೇ ಉಳಿದು ರೊಟ್ಟಿ ಬಡಿಯಬೇಕು.

ಈಗ ಒಂದು ಚಿಕ್ಕ ಕೆಲಸ ಮಾಡಿ. ರೇಡಿಯೊ ಕೇಳುತ್ತಲೇ ನಿಮ್ಮ ಬಲಗೈಯನ್ನು ನೆಲದ ಮೇಲೋ ಮೇಜಿನ ಮೇಲೋ ಚಪ್ಪಟೆಯಾಗಿ ಇಡಿ. ಅಂಗೈ ಪೂರ್ತಿ ತಾಗಲಿ. ಈಗ ಅಂಗೈ ಎತ್ತಿ, ಬೆರಳುಗಳ ಮೇಲೆ ಮಾತ್ರ ಭಾರ ಹಾಕಿ. ನಾಯಿ, ಬೆಕ್ಕು ನಡೆಯುವುದು ಹೀಗೆ. ನಮ್ಮ ಮುಧೋಳ ನಾಯಿ ಗಾಳಿಯ ಹಾಗೆ ಓಡುವುದು ಬೆರಳಿನ ಮೇಲೆಯೇ. ಅದರ ಮುಂಗಾಲಿನ ಒಳಬದಿಯಲ್ಲಿ, ಸ್ವಲ್ಪ ಮೇಲೆ, ನೆಲಕ್ಕೆ ತಾಗದ ಒಂದು ಉಗುರು ಇರುತ್ತದೆ. ಅದು ಹೆಬ್ಬೆರಳು. ಇನ್ನೂ ಮೇಲೆತ್ತಿ. ನಡುಬೆರಳು, ಉಂಗುರದ ಬೆರಳು ಎರಡರ ತುದಿ ಮಾತ್ರ ತಾಗಲಿ. ಇದು ಎತ್ತು. ಆ ಎರಡು ಬೆರಳಿನ ಉಗುರುಗಳೇ ದಪ್ಪವಾಗಿ ಎರಡು ಸೀಳಿನ ಗೊರಸಾಗಿವೆ. ಈಗ ನಡುಬೆರಳು ಒಂದೇ ಉಳಿಯಲಿ. ಕುದುರೆ ಬಂತು. ಅಷ್ಟು ದೊಡ್ಡ ಪ್ರಾಣಿ ಕಾಲಿಗೊಂದು ಬೆರಳಿನ ಉಗುರಿನ ಮೇಲೆ ಓಡುತ್ತದೆ.

ಹೀಗೆ ಹಿಡಿದಿರುವಾಗ ನಿಮ್ಮ ಮಣಿಕಟ್ಟು ಎಲ್ಲಿದೆ ನೋಡಿ. ಮೇಲೆ ಹೋಗಿದೆ. ಎತ್ತಿನ ಮುಂಗಾಲಲ್ಲಿ ನಾವು ಮೊಣಕಾಲು ಅನ್ನುತ್ತೇವಲ್ಲ, ಅದು ಮೊಣಕಾಲಲ್ಲ. ಅದೇ ಮಣಿಕಟ್ಟು. ಅದರ ಕೆಳಗಿನ ಉದ್ದ ಎಲುಬು ಅಂಗೈಯ ಎಲುಬು. ಎರಡು ಬೆರಳಿನದು ಕೂಡಿ ಒಂದಾಗಿದೆ.

ಅಂದರೆ ಆ ಹುಡುಗಿ ಪೆನ್ಸಿಲ್ ನಿಲ್ಲಿಸಿದ್ದು ಸರಿಯಾಗಿ ಮಣಿಕಟ್ಟಿನ ಹತ್ತಿರ. ಅವಳು ಖಾಲಿ ಬಿಟ್ಟ ಜಾಗವೇ ಎತ್ತಿನ ಕೈ. ಮನೆಗೆ ಹೋಗಿ ರಾತ್ರಿ ಇದು ಹೊಳೆದಾಗ ನನಗೆ ಮೈ ಜುಮ್ಮೆಂದಿತು.

ರೆಕ್ಕೆಯೂ ಹಾಗೇ. ಹಕ್ಕಿಯ ರೆಕ್ಕೆಯೊಳಗೆ ಮೂರು ಬೆರಳಿನ ಎಲುಬುಗಳಿವೆ. ಮೊದಲನೆಯದರ ಮೇಲೆ ಪುಟ್ಟ ಗರಿಗಳ ಗೊಂಚಲು ಇರುತ್ತದೆ. ಹಕ್ಕಿ ನಿಧಾನವಾಗಿ ಇಳಿಯುವಾಗ ಅದನ್ನು ಎತ್ತಿ ಹಿಡಿಯುತ್ತದೆ, ಆಯ ತಪ್ಪದಿರಲಿ ಅಂತ. ಬಾವಲಿಯದಂತೂ ಕೈಯೇ ರೆಕ್ಕೆ. ನಾಲ್ಕು ಉದ್ದ ಬೆರಳುಗಳ ನಡುವೆ ಚರ್ಮ ಹಾಸಿದೆ, ಹೆಬ್ಬೆರಳು ಮಾತ್ರ ಹೊರಗೆ ಕೊಕ್ಕೆಯ ಹಾಗೆ ನಿಂತಿದೆ. ಡೊನಾಲ್ಡ್‌ನ ಗರಿ ಬೆರಳಾಗಿ ಬಾಗಿದಾಗ ನಮಗೆ ಸುಳ್ಳು ಅನಿಸದೇ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಮನಸ್ಸು ಹೇಳುತ್ತದೆ.

ಗೊರಸನ್ನು ನಾನು ಮೊದಲು ಹತ್ತಿರದಿಂದ ನೋಡಿದ್ದು ಚಿಕ್ಕವಳಿದ್ದಾಗ, ಸಂತೆಯಲ್ಲಿ. ಎತ್ತಿಗೆ ಲಾಳ ಹೊಡೆಯುವವರು ಹಗ್ಗ ಹಾಕಿ ಎತ್ತನ್ನು ಮೆಲ್ಲಗೆ ಕೆಡವುತ್ತಿದ್ದರು. ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಗೊರಸಿನ ಬೆಳೆದ ಅಂಚನ್ನು ಹೆರೆಯುತ್ತಿದ್ದರು. ನಮ್ಮ ಉಗುರು ಕತ್ತರಿಸಿದ ಹಾಗೆಯೇ ಚೂರು ಚೂರು ಬೀಳುತ್ತಿತ್ತು. ಕುದುರೆಗಾದರೆ ನಾಲ್ಕು ಲಾಳ ಸಾಕು. ಎತ್ತಿಗೆ ಎಂಟು ಬೇಕು, ಗೊರಸಿನ ಒಂದೊಂದು ಹೋಳಿಗೆ ಒಂದೊಂದು. ಅಷ್ಟೆಲ್ಲ ನೋಡಿಯೂ ಒಂದು ಸಲ ಚಿತ್ರದ ಸ್ಪರ್ಧೆಯಲ್ಲಿ ನಾನು ಎತ್ತಿನ ಕಾಲಿಗೆ ದುಂಡನೆಯ ಒಂದೇ ಗೊರಸು ಬರೆದಿದ್ದೆ. ಬಹುಮಾನವೂ ಬಂತು. ಮನೆಯಲ್ಲಿ ಅಜ್ಜ ಚಿತ್ರ ನೋಡಿ, "ಛಲೋ ಐತವ್ವಾ, ಆದ್ರ ಇದು ಎತ್ತಿನ ಕಾಲಲ್ಲ" ಅಂದರು. ಸ್ಪರ್ಧೆ ನಡೆಸಿದ ಯಾರಿಗೂ ಅದು ಕಂಡಿರಲಿಲ್ಲ. ಆ ಬಹುಮಾನ ಎಲ್ಲಿ ಹೋಯಿತೋ, ಅಜ್ಜನ ಮಾತು ಇನ್ನೂ ಇದೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ನಾದಿ ಎತ್ತು ಮಾಡುವ ಮಕ್ಕಳು ಈ ತಪ್ಪು ಮಾಡುವುದು ಕಡಿಮೆ. ಕಾಲು ನಿಲ್ಲಿಸಿದ ಮೇಲೆ ಕಡ್ಡಿ ತಗೊಂಡು ತುದಿಯಲ್ಲಿ ಒಂದು ಗೀರು ಎಳೆಯುತ್ತಾರೆ. ಗೀರು ಬಿದ್ದ ಕ್ಷಣ ಮಣ್ಣಿನ ಕಂಬ ಹೋಗಿ ಎತ್ತಿನ ಕಾಲು ಬರುತ್ತದೆ.

ಮರುದಿನ ತರಗತಿಗೆ ಹೋಗಿ ಮಕ್ಕಳಿಗೆ ಕೈಯನ್ನು ಡೆಸ್ಕಿನ ಮೇಲೆ ಇಡಿಸಿದೆ. ನಾಯಿ, ಎತ್ತು, ಕುದುರೆ ಎಲ್ಲ ಆಯಿತು. ಆಮೇಲೆ ಕೇಳಿದೆ, ಪ್ರಾಣಿಗಳು ಕಾಲು ಬಿಟ್ಟು ಬೇರೆ ಏನನ್ನು ಕೈಯ ಹಾಗೆ ಬಳಸುತ್ತವೆ? ಆನೆಯ ಸೊಂಡಿಲು ಅಂದರು. ಹೌದು, ನಮ್ಮ ದೇಶದ ಆನೆಯ ಸೊಂಡಿಲ ತುದಿಯಲ್ಲಿ ಬೆರಳಿನಂಥ ಒಂದು ತುದಿ ಇದೆ, ಆಫ್ರಿಕಾದ ಆನೆಗೆ ಎರಡು. ಗಿಣಿ ಒಂಟಿ ಕಾಲಲ್ಲಿ ನಿಂತು ಇನ್ನೊಂದರಲ್ಲಿ ಪೇರಲಹಣ್ಣು ಹಿಡಿಯುತ್ತದೆ ಅಂದ ಒಬ್ಬ. ಅಳಿಲು ಎರಡೂ ಕೈಯಲ್ಲಿ ತಿನ್ನುತ್ತದೆ ಅಂದಳು ಇನ್ನೊಬ್ಬಳು.

"ಎತ್ತು?" ಅಂದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮನೆಯಲ್ಲಿ ದನ ಇರುವ ಹುಡುಗನೊಬ್ಬ ನಾಲಿಗೆ ಅಂದ. ಸರಿಯಾದ ಮಾತು. ಎತ್ತಿಗೆ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲುಗಳೇ ಇಲ್ಲ. ನಾಲಿಗೆಯನ್ನು ಹುಲ್ಲಿಗೆ ಸುತ್ತಿ ಎಳೆದುಕೊಳ್ಳುತ್ತದೆ. ನಾವು ಬೆರಳಿನಲ್ಲಿ ಹಿಡಿದು ಕಿತ್ತ ಹಾಗೆ. ಅಲ್ಲಿಂದ ತರಗತಿ ನನ್ನ ಕೈಯಲ್ಲಿ ನಿಲ್ಲಲಿಲ್ಲ. ಬಾಲದಿಂದ ಹಿಟ್ಟು ಉದುರಿಸಲಿ ಅಂತ ಒಬ್ಬರು. ಕೊಂಬಿನಿಂದ ರೊಟ್ಟಿ ತಿರುವಲಿ ಅಂತ ಇನ್ನೊಬ್ಬರು. ರೊಟ್ಟಿ ಮೇಲೆ ನೀರು ಸವರುವುದಕ್ಕೆ ನಾಲಿಗೆ ಅಂದಾಗ ಎಲ್ಲರೂ ಛೀ ಅಂತ ಕಿರುಚಿ ನಕ್ಕರು.

ಆ ಹುಡುಗಿ ನಗುತ್ತಲೇ ಬರೆಯುತ್ತಿದ್ದಳು. ಎರಡು ದಿನ ತಗೊಂಡಳು. ಈಗ ಎತ್ತಿನ ಮುಂಗಾಲು ಪೂರ್ತಿ ಬಂದಿದೆ. ಮಣಿಕಟ್ಟಿನಲ್ಲಿ ಬಾಗಿ, ಗೊರಸು ಕೊಣಮಿಗೆಯ ಮೇಲೆ ಇಳಿಯುತ್ತಿದೆ. ಬೆರಳು ಒಂದೂ ಇಲ್ಲ. ಬಾಲ ಹಿಂದಿನಿಂದ ಬಳಸಿ ಬಂದು ಹಿಟ್ಟಿನ ಡಬ್ಬಿಯಲ್ಲಿದೆ. ಹಂಚಿನ ಮೇಲಿನ ರೊಟ್ಟಿ ಕೊಂಬಿನ ತುದಿಯಲ್ಲಿ ಅರ್ಧ ಎದ್ದಿದೆ. ಪಕ್ಕದ ಬುಟ್ಟಿಯಲ್ಲಿ ಬೇಯಿಸಿದ ರೊಟ್ಟಿಗಳ ಅಡಕಲು.

ಬುಟ್ಟಿಯ ಮೇಲಿನ ರೊಟ್ಟಿಯಲ್ಲಿ ಎರಡೆರಡು ಹೋಳಿನ ಗುರುತುಗಳು ಸುತ್ತಲೂ ಮೂಡಿದ್ದವು. ಇದೇನು ಅಂತ ಕೇಳಿದೆ.

"ನಮ್ಮವ್ವನ ರೊಟ್ಟಿ ಮ್ಯಾಲ ಬೆರಳ ಗುರುತು ಇರ್ತಾವಲ್ರಿ ಟೀಚರ್" ಅಂದಳು. "ಇದು ಎತ್ತು ಬಡಿದದ್ದು."

ನಮಸ್ಕಾರ.