ಕೂಲಿ, ಸಂಬಳ, ವೇತನ: ದುಡಿಮೆಗೆ ನಾವು ಕಟ್ಟುವ ಬೆಲೆ

ಮಾನ್ಯ ಅಧ್ಯಕ್ಷರೆ, ಅಧ್ಯಾಪಕ ಮಿತ್ರರೆ, ವಿದ್ಯಾರ್ಥಿಗಳೆ,

ಯಾವ ದುಡಿಮೆಗೆ ಸಮಾಜ ಎಷ್ಟು ಬೆಲೆ ಕೊಡುತ್ತದೆ ಎಂಬುದನ್ನು ತಿಳಿಯಲು ಕನ್ನಡದಲ್ಲಿ ಕ್ರಿಯಾಪದದ ಕೊನೆಯನ್ನು ಗಮನಿಸಿದರೆ ಸಾಕು. ‘ಡಾಕ್ಟರು ಬಂದರು’, ‘ಮ್ಯಾನೇಜರು ಹೇಳಿದರು’ ಎನ್ನುವ ನಾಲಿಗೆಯೇ ‘ಪ್ಲಂಬರ್ ಬಂದ’, ‘ಗಾರೆಯವನು ಹೇಳಿದ’ ಎನ್ನುತ್ತದೆ. ಅರವತ್ತು ದಾಟಿದ ಮೇಸ್ತ್ರಿಯನ್ನು ಏಕವಚನದಲ್ಲಿ ಕರೆಯುವ ಮನೆಯಲ್ಲೇ, ಮೊನ್ನೆ ಕೆಲಸಕ್ಕೆ ಸೇರಿದ ಬ್ಯಾಂಕ್ ಗುಮಾಸ್ತನಿಗೆ ಬಹುವಚನ ಸಲ್ಲುತ್ತದೆ. ದುಡಿದುದಕ್ಕೆ ಸಿಗುವ ಹಣದ ಹೆಸರಿನಲ್ಲೂ ಇದೇ ಮೇಲುಕೀಳಿದೆ: ಗದ್ದೆಯಲ್ಲಿ ದುಡಿದರೆ ಕೂಲಿ, ಅಂಗಡಿಯಲ್ಲಿ ದುಡಿದರೆ ಸಂಬಳ, ಸರ್ಕಾರಿ ಕಚೇರಿಯಲ್ಲಿ ದುಡಿದರೆ ವೇತನ. ಅಂಗನವಾಡಿ ಕಾರ್ಯಕರ್ತೆಯರಿಗೆ ಕೊಡುವುದನ್ನು ‘ಗೌರವಧನ’ ಎಂದೆವು. ಅದು ವೇತನವಲ್ಲ ಎಂಬ ವಾದಕ್ಕೆ ಆ ಹೆಸರೇ ಆಸರೆಯಾಯಿತು, ಅವರಿಗೂ ಗ್ರಾಚ್ಯುಟಿಯ, ಅಂದರೆ ಸೇವೆ ಮುಗಿದಾಗ ಸಿಗುವ ಇಡುಗಂಟಿನ, ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಲು 2022ರವರೆಗೆ ಕಾಯಬೇಕಾಯಿತು.

ನಾನು ಐ.ಟಿ.ಐ.ಯಲ್ಲಿ ಫಿಟ್ಟರ್ ವೃತ್ತಿಯನ್ನು, ಅಂದರೆ ಯಂತ್ರದ ಭಾಗಗಳನ್ನು ಹದಗೊಳಿಸಿ ಜೋಡಿಸುವ ಕೆಲಸವನ್ನು, ಕಲಿಸಿದವನು. ಕೈಕೆಲಸಕ್ಕೆ ಬುದ್ಧಿ ಬೇಡ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಅಲ್ಲಿನ ಕಾರ್ಯಾಗಾರ ಕಣ್ಣ ಮುಂದೆ ಬರುತ್ತದೆ. ಹದಿನಾರರ ಹುಡುಗ ಬೆಂಚ್ ವೈಸಿಗೆ ಉಕ್ಕಿನ ತುಂಡನ್ನು ಬಿಗಿದು ಅರ ಹಾಕತೊಡಗಿದರೆ, ಮೊದಲ ವಾರಗಳಲ್ಲಿ ಅದರ ಮೇಲ್ಮೈ ನಡುವೆ ಉಬ್ಬಿ ಅಂಚುಗಳಲ್ಲಿ ಇಳಿದುಬಿಡುತ್ತದೆ. ಅರ ಮುಂದೆ ಸರಿದಂತೆ ಎಡಗೈಯ ಒತ್ತಡವನ್ನು ಸಡಿಲಿಸುತ್ತಾ ಬಲಗೈಯದನ್ನು ಹೆಚ್ಚಿಸುತ್ತಾ ಹೋಗಬೇಕೆಂಬುದು ಮೈಗೆ ಇನ್ನೂ ಹತ್ತಿರುವುದಿಲ್ಲ. ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣ ಬಳಿದ, ನಿಖರವಾಗಿ ಸಮತಟ್ಟಾದ ಸರ್ಫೇಸ್ ಪ್ಲೇಟಿನ ಮೇಲೆ ತುಂಡನ್ನು ಆಡಿಸಿ, ಬಣ್ಣ ಹತ್ತಿದ ಉಬ್ಬುಗಳನ್ನಷ್ಟೇ ತೆಗೆದು, ಮತ್ತೆ ಆಡಿಸಿ ನೋಡುವ ಈ ಕೆಲಸದಲ್ಲಿ ತಿಂಗಳುಗಳು ಕಳೆಯುತ್ತವೆ. ಅವನ ಕೈಯಲ್ಲಿರುವ ವರ್ನಿಯರ್ ಕ್ಯಾಲಿಪರ್ 0.02 ಮಿಲಿಮೀಟರನ್ನು ಅಳೆಯುತ್ತದೆ. ಇನ್ನೆಷ್ಟು ಲೋಹ ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನವನ್ನು ಮಾತ್ರ ಅವನೇ ಮಾಡಬೇಕು, ಏಕೆಂದರೆ ಒಮ್ಮೆ ಹೆಚ್ಚು ತೆಗೆದರೆ ಮರಳಿ ಅಂಟಿಸಲಾಗದು. ಇದು ಚಿಂತನೆಯಲ್ಲದಿದ್ದರೆ ಚಿಂತನೆ ಎಂದು ಯಾವುದನ್ನು ಕರೆಯುವುದೋ ನಾನರಿಯೆ.

ಆದರೂ ಲಗ್ನಪತ್ರಿಕೆಗಳಲ್ಲಿ ವರನ ಹೆಸರಿನ ಮುಂದೆ ಬಿ.ಇ. ಎಂದು ಅಚ್ಚಾಗುವಂತೆ ಐ.ಟಿ.ಐ. ಎಂದು ಅಚ್ಚಾದದ್ದನ್ನು ನಾನು ಕಂಡದ್ದು ತೀರ ಅಪರೂಪ. ಹನ್ನೆರಡನೆಯ ಶತಮಾನದಲ್ಲಿ ಇದೇ ನೆಲದಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ಶರಣರು ತಮ್ಮ ಕಾಯಕವನ್ನು ಹೆಸರಿನ ಮೊದಲಿಗೇ ಇಟ್ಟುಕೊಂಡಿದ್ದರು. ಕಚೇರಿ ಕೆಲಸಕ್ಕೆ ಬಿಳಿ ಕಾಲರ್, ಕೈಕೆಲಸಕ್ಕೆ ನೀಲಿ ಕಾಲರ್ ಎಂಬ ಮಾತುಗಳು ಅಮೆರಿಕದಿಂದ ಬಂದವು. ಅಂಗಿಯನ್ನು ಬದಲಿಸಬಹುದು, ಆದರೆ ನಮ್ಮಲ್ಲಿ ಚರ್ಮ, ಕಸ, ಮಣ್ಣು, ಕೊಳೆಬಟ್ಟೆಗಳ ಕೆಲಸವನ್ನು ಹುಟ್ಟಿಗೇ ಕಟ್ಟಿದ್ದರಿಂದ, ಆ ಕೆಲಸ ಬಿಟ್ಟು ಹೋದವರ ಮಕ್ಕಳನ್ನೂ ಆ ಅಗೌರವ ಬೆನ್ನುಹತ್ತುತ್ತದೆ. ಶರಣರ ನಡೆಯ ದಿಟ್ಟತನವಿದ್ದದ್ದೂ ಇಲ್ಲಿಯೇ.

ಹಾಗಾದರೆ ಈ ಅಳತೆ ಎಂದೂ ಬದಲಾಗಲಿಲ್ಲವೆ? ಒಮ್ಮೆ, ಸ್ವಲ್ಪ ಕಾಲ, ಬದಲಾಗಿತ್ತು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಾರ್ಖಾನೆಗಳು ಬೆಂಗಳೂರಿನಲ್ಲಿ ಆರಂಭವಾದವು. ಅಲ್ಲಿನ ಟರ್ನರ್, ಫಿಟ್ಟರ್‌ಗಳಿಗೆ ಕಾಯಂ ನೌಕರಿಯಿತ್ತು, ಕ್ಯಾಂಟೀನು, ಭವಿಷ್ಯನಿಧಿ, ಪ್ರಬಲವಾದ ಕಾರ್ಮಿಕ ಸಂಘ ಇದ್ದವು, ಅನೇಕರಿಗೆ ಕ್ವಾರ್ಟರ್ಸೂ ಸಿಕ್ಕಿತು. ‘ನಮ್ಮ ಅಳಿಯಂದಿರು ಎಚ್‌ಎಂಟಿಯಲ್ಲಿದ್ದಾರೆ’ ಎಂದು ಬೀಗುತ್ತಿದ್ದ ಹಿರಿಯರನ್ನು ನಾನು ಬಲ್ಲೆ. ಅಳಿಯ ಗ್ರೀಸು ಮೆತ್ತಿದ ಸಮವಸ್ತ್ರದಲ್ಲೇ ದುಡಿಯುತ್ತಿದ್ದರೂ ಕ್ರಿಯಾಪದ ಬಹುವಚನಕ್ಕೆ ಏರಿತ್ತು. ಈ ಕಾರ್ಮಿಕರಿಗೆ 1980ರ ಡಿಸೆಂಬರಿನಲ್ಲಿ ಆರಂಭಿಸಿ 77 ದಿನ ಮುಷ್ಕರ ಹೂಡಿ ವೇತನ ಸಮಾನತೆಯನ್ನು ಕೇಳುವ ಧೈರ್ಯ ಬಂದದ್ದೂ ಆ ಭದ್ರತೆಯಿಂದಲೇ.

ಇಂದು ನನ್ನ ಶಿಷ್ಯರು ಅದೇ ಕುಶಲತೆಯನ್ನು, ಕೆಲವೊಮ್ಮೆ ಕಂಪ್ಯೂಟರ್ ಆದೇಶದಿಂದ ನಡೆಯುವ ಸಿಎನ್‌ಸಿ ಯಂತ್ರದ ಹೆಚ್ಚಿನ ಕಲಿಕೆಯನ್ನೂ ಹೊತ್ತು, ಗುತ್ತಿಗೆದಾರರ ಮೂಲಕ ಕಾರ್ಖಾನೆಯನ್ನು ಸೇರುತ್ತಾರೆ. ಪಕ್ಕದ ಯಂತ್ರದಲ್ಲಿರುವ ಕಾಯಂ ನೌಕರರ ಗುರುತಿನ ಚೀಟಿಯ ಬಣ್ಣ ಬೇರೆ, ಇವರದು ಬೇರೆ. ಕುಶಲತೆ ಕುಗ್ಗಿಲ್ಲ; ಮರ್ಯಾದೆ ಕುಗ್ಗಿದೆ. ಇದರಿಂದ ನಾನು ಕಲಿತದ್ದು ಇಷ್ಟು: ಕೈಕೆಲಸವನ್ನು ಗೌರವಿಸಿರೆಂದು ಭಾಷಣ ಮಾಡುವುದರಿಂದ ಗೌರವ ಬರುವುದಿಲ್ಲ. ನಾಳೆಯೂ ಕೆಲಸವಿರುತ್ತದೆ ಎಂಬ ಖಾತರಿ ಸಿಕ್ಕ ಮೇಲೆಯೇ ನೆರೆಹೊರೆಯವರ ಮಾತಿನ ಧಾಟಿ ಬದಲಾಗುತ್ತದೆ.

ಪೌರಕಾರ್ಮಿಕರ ಕಥೆ ಇದನ್ನೇ ತೋರಿಸುತ್ತದೆ. ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, 1970ರ ದಶಕದಲ್ಲಿ, ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಲಾಯಿತು. ಜಾಡಮಾಲಿ ಎಂಬ ಹಳೆಯ ಹೆಸರು ಹೋಗಿ ಪೌರಕಾರ್ಮಿಕ ಎಂಬ ಘನವಾದ ಪದ ಬಂತು. ಆದರೆ ಆ ಪದ ಬಂದ ಮೇಲೂ ಗುತ್ತಿಗೆ ಪದ್ಧತಿಯಲ್ಲಿ ಸಂಬಳ ತಿಂಗಳುಗಟ್ಟಲೆ ತಡವಾಗುತ್ತಿತ್ತು, ಹಾಜರಿ ಪುಸ್ತಕ ಬೇರೆಯವರ ಕೈಯಲ್ಲಿತ್ತು. 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಧರಣಿ ಕುಳಿತ ಮೇಲೆ, ಅದೇ ವರ್ಷ, 11,133 ಮಂದಿಯ ನೇಮಕಾತಿಯನ್ನು ಕಾಯಂಗೊಳಿಸಲು ಸರ್ಕಾರ ನಿರ್ಧರಿಸಿತು. ಕಸದ ಆಟೊ ಓಡಿಸುವ ಚಾಲಕರು, ಅದಕ್ಕೆ ಕಸ ತುಂಬುವ ಲೋಡರ್‌ಗಳು ಆ ನಿರ್ಧಾರದ ಹೊರಗೇ ಉಳಿದರು. ಒಂದೇ ಬೀದಿಯಲ್ಲಿ, ಒಂದೇ ಬೆಳಗಿನಲ್ಲಿ, ಒಂದೇ ಕಸವನ್ನು ಎತ್ತುವವರ ನಡುವೆ ಹೀಗೆ ಹೊಸದೊಂದು ಗೆರೆ ಬಿತ್ತು.