ಬಳ್ಳಾರಿ ಜಾಲಿಯನ್ನು ಬಳಸಿ ಮುಗಿಸಬಹುದೇ?

ನಮಸ್ಕಾರ. ಹೆಸರು ಬಳ್ಳಾರಿ ಜಾಲಿ, ಆದರೆ ಮರ ಬಳ್ಳಾರಿಯದಲ್ಲ. ಇದರ ತವರು ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗಿನ ಒಣನಾಡು. 1870ರ ದಶಕದಲ್ಲಿ ಬೀಜ ಭಾರತಕ್ಕೆ ಬಂತು. 1940ರಲ್ಲಿ ರಾಜಸ್ಥಾನದ ಮಾರವಾಡ ಸಂಸ್ಥಾನ ಇದನ್ನು ರಾಜವೃಕ್ಷವೆಂದೇ ಸಾರಿತು. ನಗಬೇಡಿ. ನೀರು ಹಾಕದೆ ಬೆಳೆದು ಸೌದೆ ಕೊಡುವ ಗಿಡ ಮರಳುಗಾಡಲ್ಲಿ ಸಿಕ್ಕರೆ ನಾವೂ ಅದನ್ನೇ ಮಾಡುತ್ತಿದ್ದೆವು, ಅಲ್ವಾ?

ಜಾಲಿ ತೋಪಿನಲ್ಲಿ ಒಣಗಿ ಬಿದ್ದ ಸಗಣಿಯನ್ನು ಕೋಲಿನಿಂದ ಒಡೆದು ನೋಡಿ. ಒಳಗೆ ಕಂದು ಬಣ್ಣದ ನುಣುಪು ಬೀಜಗಳು. ಕಾಯಿ ಸಿಹಿ, ದನ ಆಸೆಪಟ್ಟು ತಿನ್ನುತ್ತದೆ. ಬೀಜ ಮಾತ್ರ ಜೀರ್ಣವಾಗುವುದಿಲ್ಲ. ಹೊಟ್ಟೆಯೊಳಗೆ ಅದರ ಗಟ್ಟಿ ಸಿಪ್ಪೆ ಸ್ವಲ್ಪ ಸಡಿಲವಾಗುತ್ತದೆ, ಅಷ್ಟೇ. ಮೊದಲ ಮಳೆ ಬಿದ್ದರೆ ಸಾಕು, ಅದೇ ಸಗಣಿಯಿಂದ ಸಸಿಗಳು ಗುಂಪಾಗಿ ಏಳುತ್ತವೆ. ಗೊಬ್ಬರದ ಸಮೇತ ಬಿತ್ತನೆ!

ಕೀನ್ಯಾದ ಬರಿಂಗೋ ಪ್ರದೇಶದಲ್ಲಿ 1980ರ ದಶಕದಲ್ಲಿ ಇದನ್ನು ನೆಟ್ಟರು. ಸಕ್ಕರೆ ತುಂಬಿದ ಕಾಯಿ ತಿಂದು ಆಡುಗಳ ಹಲ್ಲು ಉದುರತೊಡಗಿತು. 2006ರಲ್ಲಿ ಜನ ಕೋರ್ಟಿಗೆ ಹೋದರು. ಸಾಕ್ಷಿಗೆಂದು ಹಲ್ಲಿಲ್ಲದ ಒಂದು ಆಡನ್ನೂ ಕರೆದೊಯ್ದರು.

ನನ್ನನ್ನು ಜಾಸ್ತಿ ಕಾಡಿದ್ದು ಗುಜರಾತಿನ ಕಚ್ಛ್‌ನಲ್ಲಿರುವ ಬನ್ನಿ ಎಂಬ ಹುಲ್ಲುಗಾವಲು. ಪಕ್ಕದ ರಣ್ ಎಂಬ ಉಪ್ಪುನೆಲದ ಉಪ್ಪು ಒಳಗೆ ಬರದಿರಲಿ ಎಂದು ಅರಣ್ಯ ಇಲಾಖೆ 1961ರಲ್ಲಿ ಅಲ್ಲಿ 300 ಚದರ ಕಿಲೋಮೀಟರಿಗೂ ಹೆಚ್ಚು ಜಾಗದಲ್ಲಿ ಇದನ್ನು ನೆಟ್ಟಿತು. ಈಗ ಬನ್ನಿಯ ಅರ್ಧದಷ್ಟನ್ನು ಜಾಲಿ ನುಂಗಿದೆ. ಎಮ್ಮೆ ಸಾಕುವ ಮಾಲ್ಧಾರಿಗಳು ಇದನ್ನು ‘ಗಾಂಡೋ ಬಾವಳ್’ ಎನ್ನುತ್ತಾರೆ. ಅಂದರೆ ಹುಚ್ಚು ಜಾಲಿ. ಮರವಿಲ್ಲದ ನೆಲವೆಲ್ಲ ಪಾಳು ಎಂದು ಬರೆದಿಟ್ಟುಕೊಂಡವರಿಗೆ ಹುಲ್ಲು ಲೆಕ್ಕಕ್ಕೇ ಸಿಗಲಿಲ್ಲ.

‘ಕಡಿದು ಇದ್ದಿಲು ಮಾಡಿ ಮಾರಿದರೆ ಮರವೂ ಹೋಗುತ್ತದೆ, ಜನರಿಗೆ ಕಾಸೂ ಸಿಗುತ್ತದೆ’ ಎನ್ನುವವರಿದ್ದಾರೆ. ಕೇಳಲು ಚೆನ್ನಾಗಿದೆ. ಬನ್ನಿಯಲ್ಲಿ 2004ರಲ್ಲಿ ಇದ್ದಿಲಿಗೆ ಅನುಮತಿ ಸಿಕ್ಕಿತು, 2008ರಲ್ಲಿ ಮತ್ತೆ ನಿಷೇಧ ಬಂತು. ಅನುಮತಿ ಬೇಕೋ ನಿಷೇಧ ಬೇಕೋ ಎಂಬ ಜಗಳದಲ್ಲಿ ಬೊಡ್ಡೆಯನ್ನು ಮರೆಯುತ್ತೇವೆ. ಜಾಲಿಯ ಮೊಗ್ಗುಗಳು ಬುಡದಲ್ಲಿ, ಮಣ್ಣಿನ ಕೆಳಗೂ ಇರುತ್ತವೆ. ಮೇಲೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ಐದಾರು ಏಳುತ್ತವೆ. ಇದ್ದಿಲು ಸುಡುವವರಿಗೆ ಅದು ನಷ್ಟವಲ್ಲ, ಮುಂದಿನ ಕುಯಿಲು. ಅವರನ್ನು ಬೈದು ಪ್ರಯೋಜನವಿಲ್ಲ. ಹೊಟ್ಟೆಪಾಡು ನಿಂತಿರುವ ಮರ ಪೂರ್ತಿ ಅಳಿಯಲಿ ಎಂದು ಯಾರು ಬಯಸುತ್ತಾರೆ? ಇನ್ನೊಂದು ವಿಷಯ. ಇದ್ದಿಲಿಗೆ ಬೇಕಾಗುವುದು ದಪ್ಪ ಕಾಂಡ. ಹೊಸ ಹುಲ್ಲುಗಾವಲಿಗೆ ನುಗ್ಗುತ್ತಿರುವುದು ಬೆರಳು ಗಾತ್ರದ ಸಸಿ. ಅದನ್ನು ಕೊಳ್ಳುವವರೇ ಇಲ್ಲ.

ಹಾಗಾಗಿ ನಾನು ಹಳೆಯ ತೋಪಿನ ಗೊಡವೆಗೆ ಮೊದಲು ಹೋಗುವುದಿಲ್ಲ. ಅಲ್ಲಿ ಇದ್ದಿಲು ಸುಡಲಿ, ಸೌದೆ ಒಯ್ಯಲಿ. ಸಸಿ ಕೀಳಲು ಕೂಲಿ ಕೊಡಬೇಕಾದ್ದು ಅಂಚಿನಲ್ಲಿ, ಹುಲ್ಲು ಇನ್ನೂ ಉಳಿದಿರುವ ಕಡೆ. ಕಾಯಿ ತಿಂದ ದನಗಳನ್ನು ಹೊಸ ಹುಲ್ಲಿಗೆ ಬಿಡುವ ಮೊದಲು ಕೆಲವು ದಿನ ದೊಡ್ಡಿಯಲ್ಲೇ ನಿಲ್ಲಿಸಬೇಕು. ಬೀಜ ಅಲ್ಲೇ ಬೀಳುತ್ತದೆ. ಮಳೆ ಬಿದ್ದ ವಾರದಲ್ಲಿ ಅಂಚಿನುದ್ದಕ್ಕೂ ನಡೆಯಬೇಕು. ನೆಲ ಹಸಿಯಿದ್ದಾಗ ಆ ಸಸಿ ಎರಡೇ ಬೆರಳಿಗೆ ಬೇರುಸಮೇತ ಬರುತ್ತದೆ. ಒಂದೆರಡು ವರ್ಷ ಸುಮ್ನೆ ಬಿಟ್ಟರೆ ಅದೇ ಗಿಡಕ್ಕೆ ಗುದ್ದಲಿ ಬೇಕು.